ದಮ್ಮಿನ ಬೇನೆಗೆ ದಿನದ ಮದ್ದು

ಕೃಷ್ಣಾ, ಘಟಪ್ರಭಾ ತೀರದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗುವುದಕ್ಕೂ ಚಳಿ ಬೀಳುವುದಕ್ಕೂ ಹೆಚ್ಚು ದಿನಗಳ ಅಂತರ ಇರುವುದಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಸಮೀರವಾಡಿ, ಮುಧೋಳ, ಹಿರೇಪಡಸಲಗಿ, ಬಾಡಗಂಡಿ ಕಡೆಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಕಟಾವು ಮುಗಿದ ಹೊಲಗಳಲ್ಲಿ ರವದಿಗೆ ಬೆಂಕಿ ಬೀಳುತ್ತದೆ. ಮಹಾಲಿಂಗಪುರದ ಸುತ್ತ ಬೆಲ್ಲದ ಗಾಣಗಳ ಒಲೆ ಹೊತ್ತುತ್ತವೆ. ಚಳಿಗಾಲದ ಸಂಜೆಗೆ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇರದೆ ನಿಲ್ಲುವುದರಿಂದ ಹೊಗೆಯೂ ದೂಳೂ ಊರಿನ ಮೇಲೆಯೇ ಉಳಿಯುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ದಮ್ಮಿನ ಬೇನೆ ಇರುವವರಿಗೆ ಇದು ಕಷ್ಟದ ಕಾಲ.

ಎದೆ ಬಿಗಿದ ರಾತ್ರಿ ಹತ್ತಿರದ ದವಾಖಾನೆಗೆ ಓಡಿ ಸೂಜಿ ಮಾಡಿಸಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಉಸಿರು ಸಡಿಲವಾಗುತ್ತದೆ. ನಾಲ್ಕು ದಿನ ಗುಳಿಗೆ ನುಂಗಿ, ಆರಾಮ ಅನಿಸಿದ ಕೂಡಲೇ ಬಿಟ್ಟುಬಿಡುತ್ತೇವೆ. ಕೆಲವು ದಿನಗಳಲ್ಲಿ ಮತ್ತೆ ಅದೇ ಪಾಡು. ಬಿಗಿದ ಉಸಿರನ್ನು ಇಳಿಸುವುದು ಒಂದು ಕೆಲಸ, ಅದು ಮತ್ತೆ ಬಿಗಿಯದಂತೆ ಹಿಡಿಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ನಾವು ಎಷ್ಟು ದುಡ್ಡು ಸುರಿದರೂ ಎರಡನೆಯದು ಆಗುವುದಿಲ್ಲ. ಹೀಗೇಕೆ ಎಂದು ತಿಳಿಯಲು ಎದೆಯೊಳಗೆ ಏನು ನಡೆಯುತ್ತದೆಂದು ನೋಡಬೇಕು.

ಒಂದೇ ಏದುಸಿರು, ಎರಡು ಕಾಯಿಲೆ

ಗಂಟಲಿನಿಂದ ಇಳಿಯುವ ಶ್ವಾಸನಾಳ ಸುಮಾರು 23 ಸಲ ಕವಲೊಡೆಯುತ್ತ ಹೋಗಿ ಕೋಟ್ಯಂತರ ಗಾಳಿಚೀಲಗಳನ್ನು ಮುಟ್ಟುತ್ತದೆ. ರಕ್ತಕ್ಕೆ ಆಮ್ಲಜನಕ ಸೇರುವುದು ಆ ಚೀಲಗಳ ತೆಳುಗೋಡೆಯ ಮೂಲಕ. ಅಸ್ತಮಾದಲ್ಲಿ ಚೀಲಗಳು ಸರಿಯಾಗಿಯೇ ಇರುತ್ತವೆ, ತೊಂದರೆ ಇರುವುದು ಕೊಳವೆಗಳಲ್ಲಿ. ಅವುಗಳ ಒಳಪದರದಲ್ಲಿ ಉರಿಯೂತ ಸದಾ ನೆಲೆಸಿರುತ್ತದೆ. ಹೊಗೆ, ದೂಳು, ಪರಾಗ, ತಂಪು ಗಾಳಿ ಅಥವಾ ನೆಗಡಿಯ ವೈರಾಣು ತಗುಲಿದೊಡನೆ ಒಳಪದರ ಊದಿಕೊಳ್ಳುತ್ತದೆ, ಸುತ್ತಲ ಸ್ನಾಯು ಬಿಗಿಯುತ್ತದೆ, ಅಂಟು ಕಫ ತುಂಬುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಸುಳುವಾಗ ಎದೆಯಲ್ಲಿ ಸುಯ್ಯೆನ್ನುವ ಸದ್ದು ಬರುತ್ತದೆ. ಮದ್ದು ತಗೊಂಡಾಗ, ಕೆಲವೊಮ್ಮೆ ತಾನಾಗಿಯೇ, ದಾರಿ ಮತ್ತೆ ಅಗಲವಾಗುತ್ತದೆ. ಆದರೆ ಉಸಿರು ಸರಾಗವಾದ ದಿನವೂ ಉರಿಯೂತ ಒಳಗೆ ಇದ್ದೇ ಇರುತ್ತದೆ.

ಸಿಒಪಿಡಿ, ಅಂದರೆ ದೀರ್ಘಕಾಲದ ಶ್ವಾಸಕೋಶ ಅಡಚಣೆ ಕಾಯಿಲೆಯ ದಾರಿ ಬೇರೆ. ವರ್ಷಗಟ್ಟಲೆ ಹೊಗೆ ಕುಡಿದ ಕೊಳವೆಗಳ ಗೋಡೆ ದಪ್ಪವಾಗಿ ಗಾಯದ ಕಲೆಗಟ್ಟುತ್ತದೆ. ಗಾಳಿಚೀಲಗಳ ಗೋಡೆ ಹರಿದು ಸಣ್ಣ ಚೀಲಗಳೆಲ್ಲ ಸೇರಿ ಬಲವಿಲ್ಲದ ದೊಡ್ಡ ಚೀಲಗಳಾಗುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ಹೀಗೆ ಹಾಳಾದ ಭಾಗ ಮೊದಲಿನಂತೆ ಆಗುವುದಿಲ್ಲ. ಅಸ್ತಮಾ ಹೆಚ್ಚಾಗಿ ಚಿಕ್ಕಂದಿನಲ್ಲಿ ಅಥವಾ ಹರೆಯದಲ್ಲಿ ಶುರುವಾಗಿ ಬಂದುಹೋಗುತ್ತಿರುತ್ತದೆ, ರಾತ್ರಿ ಮತ್ತು ನಸುಕಿನಲ್ಲಿ ಜೋರಾಗುತ್ತದೆ. ಸಿಒಪಿಡಿ ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಕಾಣಿಸಿ, ಮೊದಲು ಏರು ಹತ್ತುವಾಗ, ಆಮೇಲೆ ಸಪಾಟು ನೆಲದಲ್ಲಿ, ಕೊನೆಗೆ ಸ್ನಾನ ಮಾಡುವಾಗಲೂ ದಮ್ಮು ಹತ್ತಿಸುತ್ತದೆ. ಒಬ್ಬರಲ್ಲೇ ಎರಡೂ ಇರುವುದುಂಟು.

ಭಾರತದ ರಾಜ್ಯಗಳ ರೋಗಭಾರದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2016ರಲ್ಲಿ ದೇಶದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ, ಸುಮಾರು 3.8 ಕೋಟಿ ಜನರಿಗೆ ಅಸ್ತಮಾ ಇತ್ತು. ಸಿಒಪಿಡಿಯ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಾಯುಮಾಲಿನ್ಯದ್ದು, ತಂಬಾಕಿನದ್ದು ಸುಮಾರು ಕಾಲು ಪಾಲು. ‘ನಮ್ಮ ಅವ್ವ ಬೀಡಿ ಮುಟ್ಟಿದವಳಲ್ಲ, ಆಕೆಗೇಕೆ ದಮ್ಮು?’ ಎಂದು ಕೇಳುವ ಮಕ್ಕಳಿಗೆ ಉತ್ತರ ಇಲ್ಲಿದೆ.

ಒಲೆಯ ಮುಂದಿನ ಲೆಕ್ಕ

ಉಜ್ವಲಾ ಯೋಜನೆ ಶುರುವಾದ 2016ರಿಂದ ಗ್ಯಾಸ್ ಸಿಲಿಂಡರ್ ಬಹಳ ಮನೆಗಳ ಒಳಗೆ ಬಂದಿದೆ. ಆದರೂ ಕಟ್ಟಿಗೆ ಒಲೆ ಹೊರಗೆ ಹೋಗಿಲ್ಲ. ಚಹಾ, ಸಾರು ಗ್ಯಾಸಿನ ಮೇಲೆ ಆಗುತ್ತವೆ. ಜೋಳದ ರೊಟ್ಟಿಗೆ ಒಲೆಯೇ ಬೇಕು, ಹಂಡೆ ನೀರು ಕಾಯಿಸಲೂ ಒಲೆಯೇ ಬೇಕು. ಸಿಲಿಂಡರಿನ ಬೆಲೆ ಏರಿದಾಗ ಉಳಿದ ಅಡುಗೆಯೂ ಅದರ ಮೇಲೇ ಬಂದು ಕೂರುತ್ತದೆ. ಒಲೆಗೆ ಹಾಕುವುದು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು, ರವದಿ. ಬೇಗ ಹೊತ್ತಿ ಹೆಚ್ಚು ಹೊಗೆ ಬಿಡುವ ಉರುವಲು ಇವು.

ಈ ಹೊಗೆ ಎಷ್ಟಾದರೆ ಕೆಡುಕು? ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ನಡುವೆ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಲೆಯ ಮುಂದೆ ದಿನಕ್ಕೆ ಕಳೆಯುವ ತಾಸುಗಳನ್ನು ಹಾಗೆ ಕಳೆದ ವರ್ಷಗಳಿಂದ ಗುಣಿಸಿ ಬರುವ ಸಂಖ್ಯೆ ಅವರ ಅಳತೆ. ಆ ಸಂಖ್ಯೆ 60 ಮುಟ್ಟಿದವರಲ್ಲಿ ದೀರ್ಘಕಾಲದ ಕೆಮ್ಮು-ಕಫದ ಬ್ರಾಂಕೈಟಿಸ್ ಅಪಾಯ ಎದ್ದು ಕಂಡಿತು. ದಿನಕ್ಕೆ ಮೂರು ತಾಸು ಒಲೆ ಊದುವವರು ಇಪ್ಪತ್ತು ವರ್ಷಕ್ಕೆ ಅಲ್ಲಿಗೆ ತಲುಪುತ್ತಾರೆ. ಹದಿನಾರಕ್ಕೆ ರೊಟ್ಟಿ ಬಡಿಯಲು ಕುಳಿತ ಹುಡುಗಿ ಮೂವತ್ತಾರಕ್ಕೇ ಆ ಗಡಿ ಮುಟ್ಟಿರುತ್ತಾಳೆ. ನಮ್ಮ ಮನೆಗಳಲ್ಲಿ ಈ ಲೆಕ್ಕ ಹಾಕಲು ಯಾವ ಯಂತ್ರವೂ ಬೇಡ.

ರೊಟ್ಟಿ ಬಿಡಬೇಕಿಲ್ಲ, ಹೊಗೆಗೆ ಹೊರದಾರಿ ಮಾಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಕಡಿಮೆ ಕಟ್ಟಿಗೆಯಲ್ಲಿ ಉರಿದು ಕೊಳವೆಯ ಮೂಲಕ ಹೊಗೆ ಹೊರಹಾಕುವ ಒಲೆಯನ್ನು ರೂಪಿಸಿತ್ತು. ಅದರ ತತ್ವ ಇಂದಿಗೂ ಸರಿ. ಹೊಗೆಕೊಳವೆ, ಎದುರುಬದುರು ಕಿಟಕಿ, ಒಣಗಿದ ಕಟ್ಟಿಗೆ ಇದ್ದರೆ ಹೊಗೆ ಕಡಿಮೆಯಾಗುತ್ತದೆ. ನೀರೊಲೆಯನ್ನಾದರೂ ಹಿತ್ತಿಲಿಗೆ ಸಾಗಿಸಬಹುದು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಒಲೆ ಊದುವುದನ್ನಂತೂ ಬಿಡಲೇಬೇಕು. ಬೆಳೆಯುತ್ತಿರುವ ಶ್ವಾಸಕೋಶಕ್ಕೆ ಆದ ಪೆಟ್ಟು ಮುಂದೆ ದೊಡ್ಡವರಾದಾಗ ಕಾಣಿಸಿಕೊಳ್ಳುತ್ತದೆ.

ಹೊಲ, ಮಗ್ಗ, ಗಾಣ, ಗಣಿ

ಕಟಾವಾದ ಮೇಲೆ ಉಳಿಯುವ ರವದಿಗೆ ಕಡ್ಡಿ ಗೀರುವುದು ಸುಲಭ. ಕೂಳೆ ಬೆಳೆಗೆ ಹೊಲ ಬೇಗ ಅಣಿಯಾಗುತ್ತದೆ, ಆಳಿನ ಖರ್ಚು ಉಳಿಯುತ್ತದೆ. ಆದರೆ ಆ ಹೊಗೆಯ ಅತಿ ಸೂಕ್ಷ್ಮ ಕಣಗಳನ್ನು ಮೂಗು ತಡೆಯಲಾರದು. ಅವು ನೇರ ಗಾಳಿಚೀಲಗಳಿಗೇ ಇಳಿಯುತ್ತವೆ. ರವದಿಯನ್ನು ಯಂತ್ರದಿಂದ ಪುಡಿ ಮಾಡಿಯೋ ಸಾಲು ಬಿಟ್ಟು ಸಾಲಿಗೆ ಹಾಸಿಯೋ ಕೊಳೆಯಲು ಬಿಟ್ಟರೆ ನೆಲದ ತೇವ ಉಳಿಯುತ್ತದೆ, ಮಣ್ಣಿಗೆ ಗೊಬ್ಬರವಾಗುತ್ತದೆ. ಬೆಂಕಿ ಹಚ್ಚದಿದ್ದರೆ ಮೊದಲ ಲಾಭ ರೈತನಿಗೆ, ಎರಡನೆಯದು ಪಕ್ಕದ ಓಣಿಯ ಕೂಸಿಗೆ.

ರಸ ತೆಗೆದ ಕಬ್ಬಿನ ಸಿಪ್ಪೆ ಹಸಿಯಾಗಿದ್ದಾಗ ಅಷ್ಟು ಅಪಾಯವಿಲ್ಲ. ರಾಶಿ ಹಾಕಿ ತಿಂಗಳುಗಟ್ಟಲೆ ಬಿಟ್ಟಾಗ ಅದು ಒಳಗೇ ಬಿಸಿಯಾಗಿ, ಆ ಬಿಸಿಯನ್ನೇ ಬಯಸುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಒಣಗಿ ಬೂಷ್ಟು ಹಿಡಿದ ಸಿಪ್ಪೆಯನ್ನು ಕೆದಕಿದವರಿಗೆ ಕೆಲವು ತಾಸುಗಳ ನಂತರ ಜ್ವರ, ಒಣಕೆಮ್ಮು, ಏದುಸಿರು ಬರಬಹುದು. ಬಗ್ಯಾಸೋಸಿಸ್ ಎಂಬ ಈ ಕಾಯಿಲೆಯನ್ನು ಅಮೆರಿಕದ ಲೂಸಿಯಾನಾದಲ್ಲಿ 1941ರಲ್ಲಿ ಮೊದಲು ವರದಿ ಮಾಡಲಾಯಿತು. ನ್ಯುಮೋನಿಯಾ ಎಂದೋ ಟಿ.ಬಿ. ಎಂದೋ ತಪ್ಪು ತಿಳಿಯುವುದು ಸುಲಭ. ಮತ್ತೆ ಮತ್ತೆ ಆದರೆ ಶ್ವಾಸಕೋಶ ಕಾಯಂ ಗಡುಸಾಗುತ್ತದೆ. ‘ಸಿಪ್ಪೆ ರಾಶಿಯಲ್ಲಿ ದುಡಿದ ದಿನ ಸಂಜೆ ಜ್ವರ ಬರುತ್ತದೆ’ ಎಂಬ ಒಂದು ಮಾತನ್ನು ರೋಗಿ ಹೇಳಿದರೆ ವೈದ್ಯರಿಗೆ ಅರ್ಧ ದಾರಿ ಸಿಗುತ್ತದೆ.

ರಬಕವಿ, ಬನಹಟ್ಟಿ, ತೇರದಾಳಗಳ ನೇಕಾರರ ಕಥೆ ಇನ್ನೊಂದು. ಹತ್ತಿ ದೂಳಿನಿಂದ ಬರುವ ಬಿಸಿನೋಸಿಸ್ ಹೆಚ್ಚಾಗಿ ಕಾಡುವುದು ಹತ್ತಿ ಹಿಂಜುವ, ನೂಲು ತೆಗೆಯುವ ಗಿರಣಿಗಳಲ್ಲಿ. ನೇಯ್ಗೆಯಲ್ಲಿ ಅದು ಕಡಿಮೆ. ಆದರೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ವಿದ್ಯುತ್ ಮಗ್ಗಗಳ ನಡುವೆ ದಿನವಿಡೀ ಹಾರುವ ನೂಲಿನ ಎಳೆ ನಿರುಪದ್ರವಿಯಲ್ಲ. ಬಿಸಿನೋಸಿಸ್‌ಗೆ ವಿಶಿಷ್ಟ ಗುರುತೊಂದಿದೆ: ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ, ಮುಂದಿನ ದಿನಗಳಲ್ಲಿ ಸಡಿಲವಾಗುತ್ತದೆ. ವರ್ಷಗಳು ಕಳೆದಂತೆ ಆ ಬಿಗಿತ ವಾರವೆಲ್ಲ ನಿಲ್ಲುತ್ತದೆ.

ಲೋಕಾಪುರ, ಮುದ್ದಾಪುರ ಕಡೆಯ ಸುಣ್ಣದಕಲ್ಲು ಮತ್ತು ಸಿಮೆಂಟ್ ಕೆಲಸ, ಕಲ್ಲು ಒಡೆಯುವ ಕ್ರಷರ್, ಮೆಕ್ಕೆಜೋಳ ಒಕ್ಕುವ, ಅರಿಷಿಣ ಪುಡಿ ಮಾಡುವ ಕಣ, ಇವೆಲ್ಲದರ ದೂಳೂ ಒಂದೇ ತರಹದ್ದಲ್ಲ. ಸಿಲಿಕಾ ಇರುವ ಕಲ್ಲಿನ ದೂಳು ಎಲ್ಲಕ್ಕಿಂತ ಕ್ರೂರ. ಸಿಲಿಕೋಸಿಸ್ ಒಮ್ಮೆ ಬಂದರೆ ವಾಸಿಯಾಗದು, ಟಿ.ಬಿ.ಗೂ ದಾರಿ ಮಾಡಿಕೊಡುತ್ತದೆ. ದೂಳಿಗೆ ನೀರು ಸಿಂಪಡಿಸಿ ಅದು ಏಳುವಲ್ಲೇ ತಡೆಯುವುದು ಮೊದಲ ಕೆಲಸ, ಮಾಸ್ಕ್ ಆಮೇಲಿನದು. ಮುಖಕ್ಕೆ ಸುತ್ತಿದ ಟವೆಲ್ಲು ಸಣ್ಣ ಕಣವನ್ನು ತಡೆಯದು, ಮುಖಕ್ಕೆ ಸರಿಯಾಗಿ ಕೂರುವ ಎನ್-95 ತಡೆಯುತ್ತದೆ.

ಕೆಲಸದ ದೂಳಿನಿಂದ ಕಾಯಿಲೆ ಬರುತ್ತದೆಂಬುದನ್ನು ಕಾನೂನು ಕೂಡ ಒಪ್ಪಿದೆ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಖನಿಜ ದೂಳಿನ ಶ್ವಾಸಕೋಶ ಕಾಯಿಲೆಗಳ ಜೊತೆಗೆ ಬಗ್ಯಾಸೋಸಿಸ್, ಬಿಸಿನೋಸಿಸ್ ಎರಡರ ಹೆಸರೂ ಇದ್ದವು. ಆದರೆ ಕಾಯಿಲೆಯ ಹೆಸರು ಚೀಟಿಯ ಮೇಲೆ ಬರೆದರಷ್ಟೇ ಪರಿಹಾರದ ಮಾತು. ‘ಕೆಮ್ಮು, ದಮ್ಮು’ ಎಂದು ಬರೆದು ಸೂಜಿ ಮಾಡಿ ಕಳಿಸಿದರೆ ಆ ಹಕ್ಕೂ ಅಲ್ಲಿಗೇ ಮುಗಿಯಿತು.

ಊದಿ ನೋಡುವ ಪರೀಕ್ಷೆ

ಎದೆಯ ಎಕ್ಸ್‌ರೇ ಒಂದರಿಂದ ಅಸ್ತಮಾ ಗೊತ್ತಾಗುವುದಿಲ್ಲ. ಬೇಕಾದ್ದು ಸ್ಪೈರೋಮೆಟ್ರಿ. ಉಸಿರು ತುಂಬಿಕೊಂಡು ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಎಂದು ಯಂತ್ರ ಅಳೆಯುತ್ತದೆ. ಕೊಳವೆ ಅಗಲಿಸುವ ಮದ್ದು ಕೊಟ್ಟ ಮೇಲೂ ಮೊದಲ ಸೆಕೆಂಡಿನ ಪಾಲು ಒಟ್ಟು ಗಾಳಿಯ ಶೇ 70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿಯತ್ತ ಬೊಟ್ಟು ಮಾಡುತ್ತದೆ. ಮದ್ದಿನ ನಂತರ ಊದುವ ಬಲ ಚೆನ್ನಾಗಿ ಏರಿದರೆ ಅಸ್ತಮಾದ ಗುಮಾನಿ ಗಟ್ಟಿಯಾಗುತ್ತದೆ. ಮನೆಯಲ್ಲೇ ಊದಿ ನೋಡಬಹುದಾದ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಸಾಧನವೂ ಇದೆ. ಎರಡು ಮೂರು ವಾರ ಬೆಳಿಗ್ಗೆ, ಸಂಜೆ ಊದಿ ಬರೆದಿಟ್ಟರೆ, ಕೆಲಸದ ದೂಳೇ ಕಾರಣವಾಗಿದ್ದಲ್ಲಿ, ಕೆಲಸದ ದಿನ ಅಂಕಿ ಇಳಿದು ರಜೆಯ ದಿನ ಏರುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಎಚ್ಚರ ಬೇಕು. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫದ ಪರೀಕ್ಷೆ ಆಗಬೇಕು. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಟಿ.ಬಿ.ಯನ್ನು ದಮ್ಮೆಂದು ತಿಳಿದು ತಿಂಗಳು ಕಳೆಯಬಾರದು. ಟಿ.ಬಿ. ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಕಲೆ ಉಳಿದು ಏದುಸಿರು ಬರುವವರಿದ್ದಾರೆ, ಅವರಿಗೆ ಬೇಕಾದ ಆರೈಕೆ ಬೇರೆ.

ಪಂಪಿನ ಭಯ, ಗುಳಿಗೆಯ ಧೈರ್ಯ

ಇನ್‌ಹೇಲರ್ ಎಂದರೆ ನಮ್ಮಲ್ಲಿ ಕೊನೆಯ ಹಂತದ ಮದ್ದೆಂಬ ನಂಬಿಕೆ ಬಲವಾಗಿದೆ. ‘ಒಮ್ಮೆ ಹಚ್ಚಿದರೆ ಬಿಡಲಾಗದು’, ‘ಹುಡುಗಿಯ ಕೈಯಲ್ಲಿ ಪಂಪು ಕಂಡರೆ ನೆಂಟಸ್ತನ ಕೂಡಿಬರದು’ ಎನ್ನುವವರೇ ಹೆಚ್ಚು. ಲೆಕ್ಕ ನೋಡಿದರೆ ವಿಷಯ ತಿರುವುಮುರುವು. ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಮದ್ದು ಇರುತ್ತದೆ. ಅದೇ ಮದ್ದಿನ 4 ಮಿಲಿಗ್ರಾಂ ಗುಳಿಗೆಯಲ್ಲಿ ಇರುವುದು 4,000 ಮೈಕ್ರೋಗ್ರಾಂ, ನಲವತ್ತು ಪಟ್ಟು. ಗುಳಿಗೆ ಹೊಟ್ಟೆ, ರಕ್ತ ಸುತ್ತಿ ಮೈಯೆಲ್ಲ ಹರಡುವುದರಿಂದ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಪಂಪಿನ ಮದ್ದು ನೇರ ಕೊಳವೆಗೆ ಇಳಿಯುತ್ತದೆ. ಮತ್ತೆ ಮತ್ತೆ ಸೂಜಿಯಲ್ಲೋ ಗುಳಿಗೆಯಲ್ಲೋ ಸ್ಟಿರಾಯ್ಡ್ ತಗೊಂಡವರಲ್ಲಿ ಸಕ್ಕರೆ ಕಾಯಿಲೆ, ಎಲುಬಿನ ಸವೆತ, ಕಣ್ಣಿನ ಪೊರೆಯ ಅಪಾಯ ಹೆಚ್ಚುತ್ತದೆ. ಇನ್‌ಹೇಲರಿನ ಸ್ಟಿರಾಯ್ಡ್ ಪ್ರಮಾಣ ಅದರ ಒಂದು ಸಣ್ಣ ಪಾಲು ಮಾತ್ರ.

ಇನ್‌ಹೇಲರುಗಳಲ್ಲೂ ಎರಡು ಜಾತಿ. ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುವುದು ಒಂದು, ನಮ್ಮಲ್ಲಿ ಹೆಚ್ಚು ಜನ ಬಲ್ಲ ಅಸ್ತಾಲಿನ್ ಈ ಜಾತಿಯದು. ಬ್ಯೂಡೆಸೊನೈಡ್‌ನಂಥ ಸ್ಟಿರಾಯ್ಡ್ ಇರುವ ಇನ್ನೊಂದು ಒಳಗಿನ ಉರಿಯೂತವನ್ನು ತಗ್ಗಿಸುತ್ತದೆ. ಅದರ ಪರಿಣಾಮ ದಿನಗಳು ಕಳೆದ ಮೇಲೆ ಕಾಣುತ್ತದೆ, ಹಾಗಾಗಿಯೇ ‘ಇದು ಉಪಯೋಗವಿಲ್ಲ’ ಎಂದು ಬಿಡುವವರು ಬಹಳ. ಸಡಿಲಿಸುವ ಪಂಪೊಂದನ್ನೇ ನಂಬಿ ಅಸ್ತಮಾ ನಡೆಸಬಾರದೆಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ನೇಕಾರನು ಮಗ್ಗಕ್ಕೆ ಎಣ್ಣೆ ಬಿಡುವುದು ಅದು ನಿಂತ ಮೇಲಲ್ಲ, ಓಡುತ್ತಿರುವಾಗಲೇ. ದಿನದ ಪಂಪಿನ ಲೆಕ್ಕವೂ ಅಷ್ಟೇ. ಸಿಒಪಿಡಿಯಲ್ಲಿ ಮುಖ್ಯ ಮದ್ದು ದೀರ್ಘಕಾಲ ಕೊಳವೆ ಅಗಲಿಸುವ ಪಂಪು, ಸ್ಟಿರಾಯ್ಡ್ ಎಲ್ಲರಿಗೂ ಬೇಕಾಗದು. ಆದ್ದರಿಂದ ನೆರೆಯವರ ಪಂಪನ್ನು ಕಡ ಪಡೆಯಬಾರದು.

ಒಳ್ಳೆಯ ಪಂಪಿದ್ದರೂ ಎಳೆಯುವ ರೀತಿ ತಪ್ಪಿದರೆ ಮದ್ದು ಗಂಟಲಲ್ಲೇ ಉಳಿಯುತ್ತದೆ. ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ಶುರು ಮಾಡುತ್ತಲೇ ಒತ್ತಬೇಕು. ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ಸಾಧನದಲ್ಲಿ ಮಾತ್ರ ಜೋರಾಗಿ ಎಳೆಯಬೇಕು. ಮಕ್ಕಳಿಗೂ ಮುದುಕರಿಗೂ ಪಂಪಿನ ಮುಂದೆ ಸ್ಪೇಸರ್ ಎಂಬ ಟೊಳ್ಳು ಡಬ್ಬಿ ಬೇಕು. ಅದು ಸಿಗದಿದ್ದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ್ದೂ ಕೆಲಸ ಕೊಡುತ್ತದೆಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹೀದರ್ ಜಾರ್ ಮತ್ತು ಸಂಗಡಿಗರು ಮಕ್ಕಳ ಮೇಲಿನ ಪ್ರಯೋಗದಲ್ಲಿ 1999ರಲ್ಲಿ ತೋರಿಸಿದರು. ಸ್ಟಿರಾಯ್ಡ್ ಪಂಪಿನ ನಂತರ ಬಾಯಿ ಮುಕ್ಕಳಿಸಿ ಉಗುಳಬೇಕು.

ಮೃಗಶಿರಾ ಮಳೆ ಕೂಡುವಾಗ ಹೈದರಾಬಾದಿನ ಮೀನಿನ ಪ್ರಸಾದಕ್ಕೋ ಕೊಪ್ಪಳ ತಾಲ್ಲೂಕಿನ ಕುಟುಗನಹಳ್ಳಿಯ ಔಷಧಕ್ಕೋ ಹೊರಡುವವರು ಈ ಭಾಗದಲ್ಲೂ ಇದ್ದಾರೆ. ಅವರ ನಂಬಿಕೆಯನ್ನು ಹಂಗಿಸಿ ಫಲವಿಲ್ಲ. ಅಸ್ತಮಾ ತಾನಾಗಿಯೇ ಏರಿ ಇಳಿಯುವ ಕಾಯಿಲೆ, ಇಳಿದ ತಿಂಗಳ ಶ್ರೇಯಸ್ಸು ಕೊನೆಗೆ ತಗೊಂಡ ಮದ್ದಿಗೆ ಸಲ್ಲುತ್ತದೆ. ಹೋಗುವವರು ಹೋಗಲಿ, ದಿನದ ಪಂಪನ್ನು ಮಾತ್ರ ಬಿಡದಿರಲಿ. ಬಿಟ್ಟವರೇ ಮುಂದಿನ ಚಳಿಗೆ ಆಸ್ಪತ್ರೆ ಸೇರುವುದು.

ಕಾಯಬಾರದ ಹೊತ್ತು

ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆಯುವುದು, ಮಂಪರು, ಸಡಿಲಿಸುವ ಪಂಪಿಗೂ ಜಗ್ಗದಿರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ಮಲಗಿಸದೆ ಕೂರಿಸಬೇಕು. ಸ್ಪೇಸರ್ ಮೂಲಕ ಸಾಲ್ಬುಟಮಾಲ್ ಒಂದೊಂದೇ ಪಫ್‌ನಂತೆ ನಾಲ್ಕರಿಂದ ಆರು ಕೊಡಬಹುದು. ಎದೆಯ ಸುಯ್ಯೆಂಬ ಸದ್ದು ಪೂರ್ತಿ ನಿಂತು ರೋಗಿ ಸುಸ್ತಾದರೆ ಅದು ಗುಣದ ಲಕ್ಷಣವಲ್ಲ, ಗಾಳಿಯೇ ಓಡುತ್ತಿಲ್ಲವೆಂದು ಅರ್ಥ. ಸಿಒಪಿಡಿ ಇರುವವರಿಗೆ ಮನೆಯಲ್ಲಿ ಆಮ್ಲಜನಕದ ಯಂತ್ರ ತಂದಿದ್ದರೆ ರಕ್ತದ ಆಮ್ಲಜನಕದ ಅಂಕಿಯನ್ನು ನೂರಕ್ಕೆ ಏರಿಸುವ ಹಟ ಬೇಡ. ಅವರಿಗೆ ಸಾಮಾನ್ಯವಾಗಿ 88ರಿಂದ 92ರ ನಡುವೆ ಇಡಲು ವೈದ್ಯರು ಹೇಳುತ್ತಾರೆ, ಅದಕ್ಕಿಂತ ಹೆಚ್ಚಿನದು ಕೆಲವರಿಗೆ ಕೇಡು.

ಸಿಒಪಿಡಿ ಮರಳಿಸಲಾಗದ ಕಾಯಿಲೆಯಾದರೂ ಅದರ ಓಟವನ್ನು ನಿಧಾನಿಸಬಹುದು. ಬೀಡಿ, ಸಿಗರೇಟು ಬಿಡುವುದರಷ್ಟು ಬಲವಾದ ಮದ್ದು ಬೇರೊಂದಿಲ್ಲ. 1800-11-2356 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋನಿಯಾ ಲಸಿಕೆ ಹಾಕಿಸಬೇಕು. ದಮ್ಮು ಹತ್ತುತ್ತದೆಂದು ಕೂತೇ ಬಿಟ್ಟರೆ ಕಾಲಿನ ಸ್ನಾಯು ಸೊರಗಿ ದಮ್ಮು ಇನ್ನೂ ಹೆಚ್ಚುತ್ತದೆ. ದಿನವೂ ಆದಷ್ಟು ನಡೆಯುವುದು, ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಡುವುದನ್ನು ರೂಢಿಸುವುದು ಕೂಡ ಚಿಕಿತ್ಸೆಯೇ.

ಇದೆಲ್ಲವನ್ನೂ ರೋಗಿಯ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಈ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಪೈರೋಮೀಟರ್ ಮತ್ತು ಅದನ್ನು ನಡೆಸಬಲ್ಲವರು ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ ಗುಳಿಗೆ ಸಿಗುವಂತೆ ದಿನದ ಪಂಪು ತಪ್ಪದೆ ಸಿಗಬೇಕು. ಅಸ್ತಮಾ, ಸಿಒಪಿಡಿ ಎರಡೂ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದೊಳಗೇ ಬರುತ್ತವೆ, ಆದ್ದರಿಂದ ಇದು ಹೊಸ ಬೇಡಿಕೆಯೇನಲ್ಲ. ಕಾರ್ಖಾನೆಗಳು ಸಿಪ್ಪೆಯ ರಾಶಿ ಮುಚ್ಚಿ, ತೇವ ಇಟ್ಟು, ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಊದುವ ಪರೀಕ್ಷೆ ಮಾಡಿಸಲಿ. ಗ್ರಾಮ ಪಂಚಾಯಿತಿಗಳು ರವದಿ ಪುಡಿ ಮಾಡುವ ಯಂತ್ರವನ್ನು ರೈತರಿಗೆ ಬಾಡಿಗೆಗೆ ದೊರಕಿಸಲಿ.

ಇವೆಲ್ಲ ಆಗುವ ತನಕ ರೋಗಿ ಮಾಡಬಹುದಾದ್ದು ಒಂದಿದೆ. ಮುಂದಿನ ಸಲ ದವಾಖಾನೆಗೆ ಹೋದಾಗ ಸೂಜಿ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ನನ್ನದು ಯಾವ ಕಾಯಿಲೆ, ಊದುವ ಪರೀಕ್ಷೆ ಎಲ್ಲಿ ಮಾಡಿಸಲಿ, ದಿನವೂ ತಗೊಳ್ಳಬೇಕಾದ ಪಂಪು ಯಾವುದು? ವೈದ್ಯರು ಕೇಳದಿದ್ದರೂ ಎರಡು ಮಾತು ನೀವೇ ಹೇಳಿ: ನಿಮ್ಮ ಕೆಲಸ ಯಾವುದು, ನಿಮ್ಮ ಮನೆಯ ಒಲೆ ಯಾವುದು. ಇಷ್ಟು ಗೊತ್ತಾದರೆ ಸರಿಯಾದ ಚಿಕಿತ್ಸೆ ಶುರು ಮಾಡಲು ವೈದ್ಯರಿಗೆ ಸಾಕಷ್ಟು ಆಧಾರ ಸಿಗುತ್ತದೆ.